ಕುಂಟು ಕುದುರೆಯಲ್ಲಿ ನಾನು ಬರೆದ ಷರಾ

ಬಯಾನ್ ಲೆಪಾಸ್

ಮಲೇಷಿಯಾದಲ್ಲಿ ಏನೇನು ನೋಡಿದಿರಿ ಎಂದು ಗದಗಿನ ಗೆಳೆಯರು ಕೇಳಿದರೆ ಮೊಬೈಲಿನಲ್ಲಿ ಅವಳಿ ಗೋಪುರದ ಫೋಟೋ ತೋರಿಸಿ ಸುಮ್ಮನಾಗುತ್ತೇನೆ. ಅಲ್ಲಿ ಏನು ಮಾಡಿಬಂದಿರಿ ಎಂದು ಇನ್ನೂ ಯಾರೂ ಕೇಳಿಲ್ಲ. ಕೇಳುವ ಮೊದಲು ನಾನೇ ಹೇಳಿಬಿಡುವುದು ವಾಸಿ. ಒಬ್ಬ ಹೆಂಗಸು ಪ್ರಾಯದಿಂದ ಮುಪ್ಪಿನವರೆಗೆ ಕೈಯಾರೆ ನಡೆಸಿಕೊಂಡು ಬಂದಿದ್ದ ಹಳೆಯ ಹೋಟೆಲೊಂದು ನಾನು ಬರೆದ ಮೂರು ಸಾಲಿನಿಂದ ಮುಚ್ಚಿಹೋಯಿತು. ಕೆಟ್ಟ ಉದ್ದೇಶದಿಂದ ಬರೆದದ್ದಲ್ಲ. ಉದ್ದೇಶವೇ ಇಲ್ಲದೆ, ಬರೀ ಚಟಕ್ಕೆ ಬರೆದದ್ದು.

ಆ ಚಟ ಯಾವುದೆಂದು ಹೇಳಬೇಕು. ನಾನು ಲೋಕೋಪಯೋಗಿ ಇಲಾಖೆಯ ನಿವೃತ್ತ ಎಂಜಿನಿಯರ್. ನಮ್ಮ ಕಾಲದಲ್ಲಿ ಪ್ರತಿ ಪ್ರವಾಸಿ ಮಂದಿರದಲ್ಲೂ ಒಂದು ಷರಾ ಪುಸ್ತಕ ಇರುತ್ತಿತ್ತು. ತಪಾಸಣೆಗೆ ಬಂದ ಸಾಹೇಬರು ಉಂಡು, ಮಲಗಿ, ಹೊರಡುವಾಗ ಅದರಲ್ಲಿ ನಾಲ್ಕು ಸಾಲು ಬರೆದು ಸಹಿ ಹಾಕಬೇಕು. ‘ಪರದೆಗಳು ಮಲಿನವಾಗಿವೆ.’ ‘ಪಶ್ಚಿಮದ ಗೋಡೆಯಲ್ಲಿ ತೇವಾಂಶ ಕಂಡುಬಂದಿದೆ, ಕೂಡಲೇ ಗಮನಿಸುವುದು.’ ಎಲ್ಲ ಚೆನ್ನಾಗಿದೆ ಎಂದು ಬರೆದ ಅಧಿಕಾರಿಯನ್ನು ಯಾರೂ ಲೆಕ್ಕಕ್ಕೆ ಹಿಡಿಯುತ್ತಿರಲಿಲ್ಲ. ತಪ್ಪು ಕಾಣದವನಿಗೆ ಕಣ್ಣೇ ಇಲ್ಲ ಎಂಬ ಭಾವನೆ. ನನ್ನ ಮೊದಲ ಪೋಸ್ಟಿಂಗಿನಲ್ಲಿ, ಮಂದಿರದ ಅಡಿಗೆ ಮತ್ತು ಉಸ್ತುವಾರಿ ನೋಡುತ್ತಿದ್ದ ಮೇಟಿಯೊಬ್ಬ, ಚಹಾ ತಣ್ಣಗಿತ್ತು ಎಂಬ ಒಂದೇ ಷರಾದಿಂದ ನಡುವರ್ಷದಲ್ಲಿ ಮಕ್ಕಳ ಶಾಲೆ ಬಿಡಿಸಿಕೊಂಡು ಬೇರೆ ಜಿಲ್ಲೆಗೆ ಗಂಟುಮೂಟೆ ಕಟ್ಟಿದ. ಅದನ್ನು ಕಣ್ಣಾರೆ ನೋಡಿದವನು ನಾನು. ನೋಡಿಯೂ ಕಲಿಯಲಿಲ್ಲ.

ಮಗಳು ಶೈಲಾ, ಅಳಿಯ ಪ್ರಶಾಂತ, ಮೊಮ್ಮಗಳು ಅನ್ವಿ ಪೆನಾಂಗಿನ ಬಯಾನ್ ಲೆಪಾಸಿನಲ್ಲಿದ್ದಾರೆ. ಹದಿನೇಳನೆಯ ಮಹಡಿಯ ಮನೆ. ಕಿಟಕಿ ತೆರೆದರೆ ವಿಮಾನ ಇಳಿಯುವುದು ಕಾಣುತ್ತದೆ. ಅಳಿಯ ಮೈಸೂರಿನವನು, ಅಲ್ಲೇ ಹತ್ತಿರದ ಚಿಪ್ ಕಾರ್ಖಾನೆಯಲ್ಲಿ ಗುಣಮಟ್ಟ ಪರೀಕ್ಷೆಯ ವಿಭಾಗ ನೋಡಿಕೊಳ್ಳುತ್ತಾನೆ. ಹೋದ ಮೂರನೆಯ ದಿನವೇ ಕೆಳಗಿನ ಕಾರು ನಿಲ್ಲಿಸುವ ಜಾಗದಲ್ಲಿ ಒಂದು ಕಂಬಕ್ಕೆ ಕೂದಲೆಳೆಯಷ್ಟು ಬಿರುಕು ಬಿಟ್ಟದ್ದು ನನ್ನ ಕಣ್ಣಿಗೆ ಬಿತ್ತು. ಮ್ಯಾನೇಜರಿಗೆ ಒಂದು ಪತ್ರ ಬರೆಯೋಣ ಎಂದೆ.

"ಅಪ್ಪಾ, ಇದು ನಿನ್ನ ಸಬ್‌ಡಿವಿಜನ್ ಅಲ್ಲ," ಎಂದಳು ಶೈಲಾ. "ಇಲ್ಲಿಯವ್ರು ನೋಡ್ಕೋತಾರ. ನೀ ಮ್ಯಾಲೆ ಬಾ, ನಾಷ್ಟಾ ಆರಾಕತ್ತದ."

"ಅಜ್ಜಾ, ರಿಲ್ಯಾಕ್ಸ್ ಲಾ," ಎಂದಳು ಹನ್ನೊಂದು ವರ್ಷದ ಅನ್ವಿ. ಅವಳಿಗೆ ಕನ್ನಡವೆಲ್ಲ ತಿಳಿಯುತ್ತದೆ, ಬಾಯಿಂದ ಬರುವುದು ಮಾತ್ರ ಅಲ್ಲಿಯವರ ಹಾಗೆ ಕೊನೆಗೊಂದು ‘ಲಾ’ ಹಚ್ಚಿದ ಇಂಗ್ಲಿಷು.

ಪ್ರಶಾಂತ ನಕ್ಕ. "ನಮ್ ಫ್ಯಾಕ್ಟರೀಲಿ ಟೆಸ್ಟ್ ಮಾಡ್ದೆ ರಿಪೋರ್ಟ್ ಬರೆದ್ರೆ ಮನೆಗೆ ಕಳಿಸಿಬಿಡ್ತಾರೆ ಮಾವ."

"ನಿಮ್ಮ ಚಿಪ್ಪು ಉಗುರಿನಷ್ಟು ಇರ್ತದ, ಅದಕ್ಕ ಟೆಸ್ಟ್ ಬೇಕು. ನಮ್ಮದು ಕಣ್ಣಿಂದ ನೋಡಿದ್ರ ಸಾಕು," ಎಂದೆ. ಮಾತು ಎಷ್ಟು ಸಲೀಸಾಗಿ ಬಂತು ಎಂದು ಈಗ ನೆನೆದರೆ ನಾಚಿಕೆಯಾಗುತ್ತದೆ.

ತಾಪಾದ ಹಳೆಯ ರಸ್ತೆ

ಏಪ್ರಿಲ್ ಮೊದಲ ವಾರದ ಒಂದು ಗುರುವಾರ ಚಹಾ ತೋಟಗಳ ಗುಡ್ಡಕ್ಕೆಂದು ಹೊರಟೆವು. ಹೊಸ ರಸ್ತೆ ಇದೆ, ಅಗಲವಾಗಿದೆ, ಆದರೆ ನಾನು ಹಳೆಯ ರಸ್ತೆಯಲ್ಲೇ ಹೋಗೋಣ ಎಂದು ಹಟ ಹಿಡಿದೆ. ಬ್ರಿಟಿಷರ ಕಾಲದ ಘಾಟಿ ರಸ್ತೆಯ ತಿರುವುಗಳನ್ನು ನೋಡಬೇಕೆಂಬ ಆಸೆ. ತಾಪಾ ಎಂಬ ಊರಿನಲ್ಲಿ ಹೆದ್ದಾರಿ ಬಿಟ್ಟ ಮೇಲೆ ರಸ್ತೆ ಸುತ್ತತೊಡಗಿತು. ನಮ್ಮ ಅಣಶಿ ಘಾಟಿನಷ್ಟು ಕಡಿದಲ್ಲ, ಆದರೆ ಮುಗಿಯುವುದೇ ಇಲ್ಲ. ಪಕ್ಕದಲ್ಲಿ ಕಾಡಿನ ಮೂಲನಿವಾಸಿಗಳು ಬಿದಿರಿನ ಅಟ್ಟಣೆ ಕಟ್ಟಿ, ಮೊಳದುದ್ದದ ಹಸಿರು ಕಾಯಿಗಳ ಗೊಂಚಲು ತೂಗುಹಾಕಿ ಮಾರುತ್ತಿದ್ದರು. ಕೊಳ್ಳುವವರಿಲ್ಲದಿದ್ದರೂ ಅವಸರವಿಲ್ಲದೆ ಕೂತಿದ್ದರು. ನಮ್ಮ ಕಡೆಯ ಸಂತೆಯಲ್ಲಾದರೆ ಕೈ ಹಿಡಿದು ಎಳೆಯುತ್ತಿದ್ದರು.

ತಿರುವುಗಳ ಎಣಿಕೆ ನನಗೆ ಖುಷಿ ಕೊಡುತ್ತಿದ್ದ ಹೊತ್ತಿಗೆ ಅನ್ವಿ ಹಿಂದಿನ ಸೀಟಿನಲ್ಲಿ ವಾಂತಿ ಮಾಡಿಕೊಂಡಳು. ನನ್ನ ಹೊಸ ಸ್ವೆಟರಿನ ಮೇಲೆಯೇ. ಶೈಲಾ ನನ್ನನ್ನು ಒಮ್ಮೆ ನೋಡಿದಳು, ಹೊಸ ರಸ್ತೆ ಎಂದು ಬಾಯಿಬಿಟ್ಟು ಹೇಳಲಿಲ್ಲ. ಮಂಜು ಇಳಿಯತೊಡಗಿತ್ತು. ಮುಂದಿನ ತಿರುವಿನಲ್ಲಿ ಬಿಳಿ ಗೋಡೆಗೆ ಅಡ್ಡ ಉದ್ದ ಕಪ್ಪು ಪಟ್ಟಿ ಬಡಿದ, ಇಳಿಜಾರು ಸೂರಿನ ಒಂದು ಕಟ್ಟಡ ಕಂಡಿತು. ಬಾಗಿಲ ಮೇಲೆ ತಗಡಿನ ಹಲಗೆ. ಅದರ ಮೇಲೆ ಮುಂಗಾಲು ಎತ್ತಿ ನಿಂತ ಒಂದು ಕುದುರೆ, ಕೆಳಗೆ ಇಂಗ್ಲಿಷಿನಲ್ಲಿ ‘ಕುಂಟು ಕುದುರೆ’ ಎಂದು ಹೆಸರು.

ಕುಂಟು ಕುದುರೆ, ಸಂಜೆ

ಬಾಗಿಲಿಗೆ ಬಂದವರು ಅರವತ್ತು ದಾಟಿದ ಚೀನೀ ಹೆಂಗಸು. ಗಿಡ್ಡ ಕೂದಲು, ಗಂಡಸರ ಅಂಗಿ, ಕೈಯಲ್ಲಿ ಒಂದು ತಂಬಿಗೆ ನೀರು. ಅದನ್ನು ನಮಗಲ್ಲ, ಪ್ರಶಾಂತನ ಕೈಗೆ ಕೊಟ್ಟು ಕಾರಿನ ಕಡೆ ಬೆರಳು ಮಾಡಿದರು. ಇವರ ಹೆಸರು ಮೇ ಲಿನ್, ಎಲ್ಲರಿಗೂ ಆಂಟಿ ಮೇ. ಅವರ ಇಂಗ್ಲಿಷಿನಲ್ಲಿ ಮಲಯವೂ ಚೀನೀ ಭಾಷೆಯೂ ಬೆರೆತಿದ್ದವು. ಅದನ್ನು ನನಗೆ ಕೇಳಿಸಿದ ಹಾಗೆ ಕನ್ನಡದಲ್ಲಿ ಕೊಡುತ್ತೇನೆ.

"ಈ ಮನೇಲಿ ಮೊದಲು ಗಾಡಿಗೆ ನೀರು, ಆಮೇಲೆ ಮನುಷ್ಯರಿಗೆ," ಎಂದರು. "ಈಗಿನ ಕಾರಿಗೆ ಬೇಕಾಗಿಲ್ಲ, ಗೊತ್ತು. ಆದ್ರೂ ಕೊಡ್ತೀನಿ ಲಾ. ಮಗೂನ ಒಳಗೆ ಕರ್ಕೊಂಡು ಬನ್ನಿ."

ಪಡಸಾಲೆಯಂಥ ಊಟದ ಮನೆ. ಒಂದು ಮೂಲೆಯಲ್ಲಿ ಬೆಂಕಿಗೂಡು, ತಲೆಯ ಮೇಲೆ ಕಪ್ಪು ತೊಲೆಗಳು. ಅನ್ವಿ ಸೋಫಾದ ಮೇಲೆ ಹಾಗೆಯೇ ನಿದ್ದೆಹೋದಳು, ರಾತ್ರಿ ಅಲ್ಲೇ ಉಳಿಯುವುದೆಂದಾಯಿತು. ನಾನು ಸಸ್ಯಾಹಾರಿ ಎಂದಾಗ ಆಂಟಿ ಮೇ ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿದರು. ಅವರ ಮನೆತನ ಹೆಸರಾದದ್ದೇ ಕೋಳಿಯ ಖಾದ್ಯಕ್ಕೆ. ಮೊಟ್ಟೆಯೂ ಇಲ್ಲವಾ ಎಂದು ಎರಡು ಸಲ ಕೇಳಿ ಒಳಗೆ ಹೋದವರು, ಆಲೂಗಡ್ಡೆಯನ್ನು ಕೋಳಿಯ ತುಂಡಿನ ಆಕಾರಕ್ಕೆ ತಟ್ಟಿ, ಕರಿದು, ಮೇಲೆ ಬಟಾಣಿಯ ಕಂದು ಗೊಜ್ಜು ಸುರಿದು ತಂದರು. ನಾನು ಎರಡನೆಯ ಸಲ ಹಾಕಿಸಿಕೊಂಡೆ. ಅವರಿಗೆ ಸಮಾಧಾನವಾಯಿತು. ಕುರ್ಚಿ ಎಳೆದುಕೊಂಡು ಕೂತು ಮನೆಯ ಕಥೆ ಹೇಳಿದರು.

ಮನೆ ಕಟ್ಟಿಸಿದವನು ಪೆಂಬರ್ಟನ್ ಎಂಬ ಇಂಗ್ಲಿಷಿನವನು. ಅವನ ತಂದೆ ಇಂಗ್ಲೆಂಡಿನ ಯಾವುದೋ ಗುಡ್ಡದ ಬುಡದಲ್ಲಿ, ಗಾಡಿ ರಸ್ತೆಯ ಪಕ್ಕ ಛತ್ರ ನಡೆಸುತ್ತಿದ್ದನಂತೆ. ಏರು ಹತ್ತಲಾರದ ಕುದುರೆಗಳನ್ನು ಅಲ್ಲಿ ಬಿಟ್ಟು ಬೇರೆ ಕುದುರೆ ಕಟ್ಟಿಕೊಂಡು ಹೋಗುತ್ತಿದ್ದರು. ಹೆಸರು ಬಂದದ್ದು ಹಾಗೆ. ಮಗ ರಬ್ಬರು ಬೆಳೆಯುತ್ತೇನೆಂದು ಇಲ್ಲಿಗೆ ಬಂದು, ಅದು ಕೈಹತ್ತದೆ, ಘಾಟಿಯ ನಡುವೆ ಕಾರುಗಳ ನೀರು ಕುದಿದು ನಿಲ್ಲುವ ಜಾಗ ನೋಡಿ ಈ ಮನೆ ಕಟ್ಟಿದ. ನಕ್ಷೆ ಇರಲಿಲ್ಲ. ಅಪ್ಪನ ಛತ್ರ ಹೇಗಿತ್ತೋ ಹಾಗೆ ಕಾಣಬೇಕು ಎಂದು ನೆನಪಿನಿಂದ ಹೇಳಿ ಹೇಳಿ ಕಟ್ಟಿಸಿದ.

"ನಮ್ಮಜ್ಜ ಅವನ ಅಡಿಗೆಯವನು," ಎಂದರು ಆಂಟಿ ಮೇ. "ಚೀನಾದ ಹೈನಾನ್ ದ್ವೀಪದಿಂದ ಹಡಗಲ್ಲಿ ಬಂದವನು. ಯುದ್ಧದಲ್ಲಿ ಜಪಾನಿಯರು ಪೆಂಬರ್ಟನ್ನನ್ನ ಹಿಡ್ಕೊಂಡು ಹೋದ್ರು. ವಾಪಸ್ ಬಂದಾಗ ಮೂಳೆ ಚಕ್ಕಳ. ಊಟ ಅರಗ್ತಿರಲಿಲ್ಲ, ಅಜ್ಜ ಗಂಜಿ ಕುಡಿಸ್ತಿದ್ದ. ಒಂದಿನ ಬೀಗದ ಕೈ ಅಜ್ಜನ ಕೈಗೆ ಕೊಟ್ಟು, ಅಕ್ಕನ್ನ ನೋಡಿ ಬರ್ತೀನಿ ಅಂತ ಹಡಗು ಹತ್ತಿದ. ಮನೆ ಅಜ್ಜನಿಗೇ ಇರಲಿ ಅಂತ ಅವನ ಅಕ್ಕ ಕಾಗದ ಬರೆದಾಗ ಅವನು ತೀರಿಹೋಗಿ ತಿಂಗಳಾಗಿತ್ತು."

ಅಜ್ಜನ ನಂತರ ಅಪ್ಪ. ಅಪ್ಪನಿಗೆ ಲಕ್ವ ಹೊಡೆದಾಗ ಈ ಮಗಳು ಇಪೋದ ಶಾಲೆಯ ಮಾಸ್ತರಿಕೆ ಬಿಟ್ಟು ಬಂದವರು ಮತ್ತೆ ಹೋಗಲಿಲ್ಲ. ಮದುವೆಯೂ ಆಗಲಿಲ್ಲ. ತಮ್ಮ ಕೆನ್ನತ್ ಕ್ಲಾಂಗ್ ಬಂದರಿನಲ್ಲಿ ಸರಕು ಸಾಗಿಸುವ ಕೆಲಸದಲ್ಲಿದ್ದಾನೆ, ತಂಗಿ ಪುತ್ರಜಯಾದ ಸರ್ಕಾರಿ ಕಚೇರಿಯಲ್ಲಿ. ಆಸ್ತಿ ಮೂವರ ಹೆಸರಿನಲ್ಲಿದೆ. ಅಪ್ಪ ಸಾಯುವ ಮುಂಚೆ ಒಂದು ಮಾತು ಹೇಳಿದ್ದರು. ಬಂದವರು ಈ ಸೂರಿನ ಕೆಳಗೆ ನಿಶ್ಚಿಂತೆಯಿಂದ ಮಲಗುವ ತನಕ ಮೇ ಬಾಗಿಲು ತೆರೆದಿಡಲಿ, ಯಾರೂ ಅವಳನ್ನು ತಡೆಯಬಾರದು. ಇಲ್ಲಿ ಮಲಗಲು ಭಯ ಎಂದು ಅತಿಥಿ ಬರೆದ ದಿನ ಮಾರಿ ಹಂಚಿಕೊಳ್ಳಿ.

"ಬರೆದ ದಿನ ಅಂದ್ರ?" ಎಂದು ಶೈಲಾ ಕೇಳಿದಳು.

ಆಂಟಿ ಮೇ ಗಲ್ಲಾದ ಮೇಲಿದ್ದ ದಪ್ಪ ಪುಸ್ತಕ ತೋರಿಸಿದರು. ಅತಿಥಿಗಳು ಅಭಿಪ್ರಾಯ ಬರೆಯುವ ಪುಸ್ತಕ. ಇಂಥವು ಪೆಂಬರ್ಟನ್ನನ ಕಾಲದಿಂದ ಒಂದು ಕಪಾಟು ತುಂಬ ಇದ್ದವು. ಪ್ರತಿ ಏಪ್ರಿಲಿನಲ್ಲಿ ಚೀನೀಯರು ಹಿರಿಯರ ಸಮಾಧಿಗೆ ಹೋಗಿ ಗುಡಿಸಿ, ಎಡೆಯಿಟ್ಟು ಬರುತ್ತಾರೆ, ನಮ್ಮ ಮಹಾಲಯ ಅಮಾವಾಸ್ಯೆಯ ಹಾಗೆ. ಆ ದಿನ ಮೂವರು ಮಕ್ಕಳೂ ಇಲ್ಲಿ ಸೇರಿ, ಅಪ್ಪನ ಫೋಟೋದ ಮುಂದೆ ಕೂತು, ಆ ವರ್ಷದ ಬರಹಗಳನ್ನು ಒಂದೂ ಬಿಡದೆ ಗಟ್ಟಿಯಾಗಿ ಓದಬೇಕು. ಹಾಳೆ ಹರಿಯುವಂತಿಲ್ಲ. ಓದುವ ಸರದಿ ಒಂದೊಂದು ವರ್ಷ ಒಬ್ಬರದು.

"ಈ ಭಾನುವಾರ ಬರ್ತಾರೆ. ಈ ಸಲ ನಂದೇ ಸರದಿ," ಎಂದು ನಕ್ಕರು. "ಕೆನ್ನತ್ ಪ್ರತಿ ವರ್ಷ ಕಿವಿ ನಿಮಿರಿಸಿಕೊಂಡು ಕೂತಿರ್ತಾನೆ. ಹೋದ ವರ್ಷ ಒಬ್ಬಳು ಜರ್ಮನಿಯವಳು ಟವೆಲ್ ದೊರಗು ಅಂತ ಬರೆದಿದ್ಲು. ಅಷ್ಟೇ ಸಿಕ್ಕಿದ್ದು ಅವನಿಗೆ."

ನಾವೆಲ್ಲ ನಕ್ಕೆವು. ನಾನೂ ನಕ್ಕೆ. ಆ ಕಥೆಯ ಒಂದು ಅಕ್ಷರವೂ ನನ್ನ ಕಿವಿಯಿಂದ ತಪ್ಪಿಹೋಗಿರಲಿಲ್ಲ.

ಶುಕ್ರವಾರ ಬೆಳಿಗ್ಗೆ

ಮೇಲಿನ ಕೋಣೆಯಲ್ಲಿ ನಾನು ಎಷ್ಟೋ ದಿನಗಳ ಮೇಲೆ ಗೊರಕೆ ಹೊಡೆದು ಮಲಗಿದ್ದೆನೆಂದು ಶೈಲಾ ಹೇಳಿದಳು. ಕೆಳಗೆ ಚಹಾ ಕಾಯುತ್ತಿತ್ತು, ಬ್ರೆಡ್ಡಿನ ಮೇಲೆ ತೆಂಗಿನ ಹಾಲಿನ ಜಾಮು. ಅದರಲ್ಲಿ ಮೊಟ್ಟೆಯಿದೆ ಎಂದು ಆಂಟಿ ಮೇ ತಾವಾಗಿಯೇ ನೆನಪಿಟ್ಟುಕೊಂಡು ನನ್ನ ತಟ್ಟೆಯಿಂದ ತೆಗೆದು, ಬೆಣ್ಣೆ ಸಕ್ಕರೆ ಹಚ್ಚಿಕೊಟ್ಟರು. ಅದನ್ನು ತಿನ್ನುತ್ತಿರುವಾಗ ಚಹಾದ ಮೇಲೆ ಏನೋ ಪುಡಿ ಉದುರಿತು. ತಲೆಯೆತ್ತಿದೆ. ಕಪ್ಪು ತೊಲೆಯ ಅಂಚಿನಲ್ಲಿ ಗೆದ್ದಲಿನ ಹೊಟ್ಟು.

ಕುರ್ಚಿ ಹತ್ತಿ ಪ್ರಶಾಂತನ ಮನೆಯ ಬೀಗದ ಕೈಯಿಂದ ಒತ್ತಿದೆ. ಬೆಣ್ಣೆಗೆ ಚುಚ್ಚಿದ ಹಾಗೆ ಬುಡದವರೆಗೆ ಒಳಗೆ ಹೋಯಿತು. ನನ್ನೊಳಗಿನ ಸಾಹೇಬ ಎದ್ದು ಕೂತ. ಅಷ್ಟರಲ್ಲಿ ಆಂಟಿ ಮೇ ಪುಸ್ತಕ, ಪೆನ್ನು ತಂದು ಮುಂದಿಟ್ಟರು. "ಎಂಜಿನಿಯರ್ ಅಂಕಲ್, ಹೆಸರಿನ ಕೆಳಗೆ ಹುದ್ದೆ ಹಾಕಿ. ಪುಸ್ತಕಕ್ಕೆ ಶೋಭೆ ಲಾ."

ಬರೆದೆ. ಇಂಗ್ಲಿಷಿನಲ್ಲಿ, ಇಲಾಖೆಯ ಧಾಟಿಯಲ್ಲಿ. ಕನ್ನಡದಲ್ಲಿ ಹೇಳುವುದಾದರೆ ಹೀಗೆ: ‘ಊಟದ ಮನೆಯ ಮುಖ್ಯ ತೊಲೆಗೆ ಗೆದ್ದಲು ಹಿಡಿದಿದ್ದು, ಭಾರ ಹೊರುವ ಸ್ಥಿತಿಯಲ್ಲಿರುವುದಿಲ್ಲ. ಮೇಲಿನ ಕೋಣೆಗಳು ವಾಸಕ್ಕೆ ಸುರಕ್ಷಿತವಲ್ಲ. ದುರಸ್ತಿಯಾಗುವವರೆಗೆ ಅತಿಥಿಗಳನ್ನು ಇರಿಸತಕ್ಕದ್ದಲ್ಲ.’ ಕೆಳಗೆ, ಆತಿಥ್ಯ ಉತ್ತಮವಾಗಿತ್ತು ಎಂದೂ ಸೇರಿಸಿದೆ. ಸಹಿ, ಹುದ್ದೆ, ನಿವೃತ್ತ ಎಂಬ ಪದ.

ರಾತ್ರಿ ಕೇಳಿದ ಅಪ್ಪನ ಮಾತು ಆಗ ಎಲ್ಲಿ ಹೋಗಿತ್ತು ಎಂದು ಎಷ್ಟೋ ಸಲ ನನ್ನನ್ನೇ ಕೇಳಿಕೊಂಡಿದ್ದೇನೆ. ಎಲ್ಲಿಗೂ ಹೋಗಿರಲಿಲ್ಲ. ಅದು ಅವರ ಮನೆಯ ಕಥೆ, ಇದು ನನ್ನ ಕೆಲಸ ಎಂದು ಕೈ ತಾನೇ ಬೇರೆ ಮಾಡಿಕೊಂಡಿತ್ತು. ಒಳ್ಳೆಯದನ್ನೇ ಮಾಡುತ್ತಿದ್ದೇನೆ, ಪ್ರಾಣ ಉಳಿಸುತ್ತಿದ್ದೇನೆ ಎಂಬ ಸಣ್ಣ ಹೆಮ್ಮೆಯೂ ಇತ್ತು. ಪುಸ್ತಕ ಮುಚ್ಚಿ ಅವರ ಕೈಗೆ ಕೊಟ್ಟೆ. ಅವರು ಓದದೆ ಗಲ್ಲಾದ ಮೇಲಿಟ್ಟು, ಅನ್ವಿಗೆ ದಾರಿಗೆಂದು ಶುಂಠಿ ಮಿಠಾಯಿ ಪೊಟ್ಟಣ ಕಟ್ಟತೊಡಗಿದರು.

ಗುಡ್ಡದ ಮೇಲೆ

ಚಹಾ ತೋಟಗಳ ಬಗ್ಗೆ ಬರೆಯಲು ನನ್ನಲ್ಲಿ ಹೆಚ್ಚೇನೂ ಇಲ್ಲ. ಜನವೋ ಜನ. ಅನ್ವಿ ಸ್ಟ್ರಾಬೆರಿ ಕಿತ್ತಳು. ಊರಿನಲ್ಲಿ ನಾವು ಚಳಿಗೆ ಬೈಯುತ್ತೇವೆ, ಇಲ್ಲಿಯವರು ಚಳಿಯನ್ನು ಅನುಭವಿಸಲೆಂದು ಬಂದು ಕೋಟು ಟೋಪಿ ಹಾಕಿ ಫೋಟೋ ತೆಗೆಸಿಕೊಳ್ಳುತ್ತಾರೆ.

ಶನಿವಾರ ಮಧ್ಯಾಹ್ನ ಒಬ್ಬನೇ ತಿರುಗಾಡಲು ಹೋದೆ. ರಸ್ತೆಯ ಪಕ್ಕ ಅದೇ ಬಗೆಯ, ಬಿಳಿ ಗೋಡೆಗೆ ಕಪ್ಪು ಪಟ್ಟಿಯ ಬಂಗಲೆಯೊಂದನ್ನು ದುರಸ್ತಿ ಮಾಡುತ್ತಿದ್ದರು. ಒಬ್ಬ ತಮಿಳು ಬಡಗಿ ಮೀಟುಗೋಲಿನಿಂದ ಕಪ್ಪು ತೊಲೆಗಳನ್ನು ಎಬ್ಬಿಸುತ್ತಿದ್ದ. ತೊಲೆಯೆಂದು ನಾನು ತಿಳಿದದ್ದು ಹಲಗೆಯ ಪೆಟ್ಟಿಗೆ. ಮೂರು ಹಲಗೆ ಜೋಡಿಸಿ, ಕರಿ ಬಣ್ಣ ಬಳಿದು, ಸೂರಿನ ಅಡಿಗೆ ಮೊಳೆ ಹೊಡೆದಿದ್ದರು. ಒಳಗೆ ಬೇರೆಯದೇ ಮರ ಇತ್ತು, ಸಣ್ಣ, ಕಂದು, ನುಣುಪು.

ಅಲ್ಲೇ ನಿಂತೆ. ನನ್ನ ಹರಕು ತಮಿಳಿನಲ್ಲಿ ಕೇಳಿದೆ. ಅವನು ನಕ್ಕು, "ಇದು ಬರೀ ಮೇಕಪ್ ಸಾರ್," ಎಂದ. "ಬಿಳಿಯರಿಗೆ ಅವರ ಊರಿನ ಥರ ಕಾಣ್ಬೇಕಿತ್ತು. ಭಾರ ಹೊರೋದು ಒಳಗಿನ ಚೆಂಗಾಲ್ ಮರ. ಗೆದ್ದಲು ಕಚ್ಚಿದ್ರೆ ಗೆದ್ದಲಿನ ಹಲ್ಲೇ ಮುರಿಯುತ್ತೆ. ಈ ಗುಡ್ಡದಲ್ಲಿ ಎಲ್ಲಾ ಹಳೇ ಮನೆಗಳೂ ಹೀಗೇನೆ."

ತೊಲೆ ಕಂಡರೆ ಮೊದಲು ತಟ್ಟಿ ನೋಡು, ಟೊಳ್ಳೋ ಗಟ್ಟಿಯೋ ಶಬ್ದವೇ ಹೇಳುತ್ತದೆ ಎಂದು ಎಷ್ಟು ಜನ ಕಿರಿಯರಿಗೆ ಪಾಠ ಹೇಳಿದ್ದೆ. ನಾನು ತಟ್ಟಿರಲಿಲ್ಲ, ಬರೀ ಚುಚ್ಚಿದ್ದೆ. ಚುಚ್ಚಿದ್ದು ಬಣ್ಣದ ಹಲಗೆಗೆ.

ಆಗಿನ್ನೂ ಶನಿವಾರ ಮೂರು ಗಂಟೆ. ಪುಸ್ತಕ ಓದುವುದು ಭಾನುವಾರ. ಕೋಣೆಗೆ ಬಂದು, ಈಗಲೇ ಕೆಳಗೆ ಇಳಿಯೋಣ, ನಾನೊಂದು ತಪ್ಪು ಬರೆದಿದ್ದೇನೆ ಎಂದು ಹೇಳಿದ್ದರೆ ಪ್ರಶಾಂತ ಒಂದು ಮಾತೂ ಆಡದೆ ಕಾರು ತೆಗೆಯುತ್ತಿದ್ದ. ಅಂಥ ಹುಡುಗ ಅವನು. ಆದರೆ ಟೆಸ್ಟಿನ ಮಾತಿಗೆ ನಾನು ಅವನಿಗೆ ಕೊಟ್ಟ ಉತ್ತರ ಅಡ್ಡ ಬಂತು. ಅಳಿಯನ ಮುಂದೆ ಸಣ್ಣವನಾಗುವುದು ಹೇಗೆ ಎಂದು ಯೋಚಿಸುತ್ತ ಸಂಜೆ ಕಳೆದೆ, ರಾತ್ರಿ ಕಳೆದೆ. ಹೇಗೂ ನಾಳೆ ಅದೇ ದಾರಿಯಲ್ಲಿ ಇಳಿಯುತ್ತೇವೆ, ಆಗ ಮೆಲ್ಲಗೆ ತಿದ್ದಿದರಾಯಿತು ಎಂದು ನನಗೆ ನಾನೇ ಸಮಾಧಾನ ಹೇಳಿಕೊಂಡೆ. ಈ ಪ್ರವಾಸದಲ್ಲಿ ನಾನು ಅತ್ಯಂತ ಹೆಚ್ಚು ಪಶ್ಚಾತ್ತಾಪ ಪಡುವುದು ಬರೆದ ಆ ಬೆಳಿಗ್ಗೆಗಲ್ಲ, ಸುಮ್ಮನಿದ್ದ ಈ ಸಂಜೆಗೆ.

ಭಾನುವಾರ, ಮತ್ತೆ ಕುಂಟು ಕುದುರೆ

ಬೆಳಿಗ್ಗೆ ಕಾರಿನಲ್ಲಿ ಹೇಳಿದೆ. ಶೈಲಾ ಕೂಡಲೇ ಹೋಟೆಲಿಗೆ ಫೋನು ಹಚ್ಚಿದಳು. ಯಾರೂ ಎತ್ತಲಿಲ್ಲ, ಸಮಾಧಿಗೆ ಹೋಗಿರಬೇಕು ಎಂದಳು. "ಅಪ್ಪಾ, ನಿನ್ನೆ ಯಾಕ ಹೇಳಲಿಲ್ಲ ನೀ?" ಎಂದಳು. ಪ್ರಶಾಂತ ಸ್ವಲ್ಪ ಜೋರಾಗಿ ಓಡಿಸಿದ. ಆದರೆ ವಾರದ ಕೊನೆ ನೋಡಿ, ತರಕಾರಿ ಲಾರಿಗಳು, ಬಸ್ಸುಗಳು, ಇಳಿಯುವಾಗ ಮಧ್ಯಾಹ್ನವಾಗಿತ್ತು.

ಹೋಟೆಲಿನ ಮುಂದೆ ಎರಡು ಕಾರು ನಿಂತಿದ್ದವು. ಒಳಗೆ ಅಪ್ಪನ ಫೋಟೋದ ಮುಂದೆ ಕಿತ್ತಳೆ, ಅನ್ನ, ಊದುಬತ್ತಿಯ ಬೂದಿ. ಮೇಜಿನ ಮೇಲೆ ಪುಸ್ತಕ ತೆರೆದೇ ಇತ್ತು. ನಾನು ಯಾರೆಂದು ಶೈಲಾ ಹೇಳಿದ್ದೇ ತಡ, ಐವತ್ತೈದರ ಆಸುಪಾಸಿನ ಗಂಡಸೊಬ್ಬರು ಎದ್ದು ಬಂದು ನನ್ನ ಎರಡೂ ಕೈ ಹಿಡಿದುಕೊಂಡರು. ತಮ್ಮ ಕೆನ್ನತ್. ಪಕ್ಕದಲ್ಲಿ ಕೂತಿದ್ದ ತಂಗಿ ಕಣ್ಣು ಕೆಂಪಗೆ ಮಾಡಿಕೊಂಡು ತಲೆಬಾಗಿಸಿದರು.

"ಸರ್, ನಿಮಗೆ ಹೇಗೆ ಥ್ಯಾಂಕ್ಸ್ ಹೇಳಲಿ," ಎಂದರು ಕೆನ್ನತ್. "ನಾನು ದುಷ್ಟ ಅಂತ ತಿಳೀಬೇಡಿ. ಅಕ್ಕ ಒಬ್ಬಳೇ ಇಲ್ಲಿ. ಮಳೆ ಬಂದ ದಿನ ಕ್ಲಾಂಗಲ್ಲಿ ನನಗೆ ನಿದ್ದೆ ಬರಲ್ಲ, ಗುಡ್ಡ ಕುಸೀತಾ, ಸೂರು ಕುಸೀತಾ ಅಂತ. ಯಾರಾದ್ರೂ ಅತಿಥಿ ಸತ್ರೆ ಇವಳು ಜೈಲಿಗೆ. ಎಷ್ಟು ವರ್ಷ ಹೇಳಿದೀನಿ. ಕಡೆಗೂ ಒಬ್ಬ ಎಂಜಿನಿಯರ್ ಬರೆದ್ರು."

"ಅದು ತಪ್ಪು," ಎಂದೆ. "ನಾನು ನೋಡಿದ್ದು ತೊಲೆ ಅಲ್ಲ."

ಅವರಿಗೆ ಅರ್ಥವಾಗಲಿಲ್ಲ. ನಾನು ಮೇಜು ಹತ್ತಿದೆ. ಪ್ರಶಾಂತ ಕಾರಿನಿಂದ ಕಬ್ಬಿಣದ ಸಲಾಕೆ ತಂದ. ಅವನೇ ನನ್ನ ಸೊಂಟ ಹಿಡಿದು ನಿಂತ. ಹಲಗೆಯ ಒಂದು ಅಂಚು ಎಬ್ಬಿಸಿದೆ. ಗೆದ್ದಲು ತಿಂದದ್ದು ಪುಡಿಪುಡಿಯಾಗಿ ನನ್ನ ಕಣ್ಣಿಗೆ, ಅವರ ಎಡೆಯ ಅನ್ನದ ಮೇಲೆ ಬಿತ್ತು. ಒಳಗೆ ಅದೇ ಕಂದು ಮರ. ಸಲಾಕೆಯಿಂದ ಬಡಿದೆ, ಕಲ್ಲಿಗೆ ಬಡಿದ ಶಬ್ದ ಬಂತು. "ನೋಡಿ, ಗೆದ್ದಲು ಹಿಡಿದದ್ದು ಬರೀ ಅಲಂಕಾರಕ್ಕೆ. ನಾನು ಬೇರೆ ಷರಾ ಬರೆದುಕೊಡುತ್ತೇನೆ."

ಕೆನ್ನತ್ ಮೇಲೆ ನೋಡಿದರು, ಪುಸ್ತಕ ನೋಡಿದರು. ಆಮೇಲೆ ಬಹಳ ಮೆತ್ತಗೆ, "ಸರ್, ಮೊದಲನೇದು ಬರೆಯುವಾಗ ನಿಮಗೆ ನಮ್ಮ ಯಾರ ಮುಲಾಜೂ ಇರಲಿಲ್ಲ," ಎಂದರು. "ಎರಡನೇದು ಅಕ್ಕನ ಮುಖ ನೋಡಿದ ಮೇಲೆ ಬರೀತಿದೀರಿ. ಯಾವುದನ್ನ ನಂಬಲಿ?"

ಇದು ನನ್ನದೇ ಮಾತು. ನಮ್ಮ ಇಲಾಖೆಯಲ್ಲಿ ಬೆಳಿಗ್ಗೆ ಕೆಟ್ಟ ಷರಾ ಬರೆದ ಸಾಹೇಬರು ಮಧ್ಯಾಹ್ನ ಊಟ ಮಾಡಿ ಅದನ್ನು ತಿದ್ದಿದರೆ ನಾವೆಲ್ಲ ಒಬ್ಬರ ಮುಖ ಒಬ್ಬರು ನೋಡಿಕೊಳ್ಳುತ್ತಿದ್ದೆವು. ತಿದ್ದಿದ ಷರಾವನ್ನು ನಾನು ಯಾವತ್ತೂ ನಂಬಿದವನಲ್ಲ. ಕೆನ್ನತ್ ಆಗಲೇ ಮುಂಗಡ ಬುಕ್ಕಿಂಗುಗಳನ್ನು ರದ್ದು ಮಾಡಿಸಿದ್ದರು. ಇವತ್ತಿನಿಂದ ಅತಿಥಿಗಳಿಲ್ಲ ಎಂದು ಮೂವರೂ ಅಪ್ಪನ ಫೋಟೋದ ಮುಂದೆ ಒಪ್ಪಿಕೊಂಡಾಗಿತ್ತು.

ಆಂಟಿ ಮೇ ಅಡಿಗೆಮನೆಯಲ್ಲಿದ್ದರು. ಎಡೆಯ ತಟ್ಟೆಗಳನ್ನು ತೊಳೆಯುತ್ತಿದ್ದರು. ನಾನು ಬಾಗಿಲಲ್ಲಿ ನಿಂತು ಕ್ಷಮಿಸಿ ಎಂದೆ.

"ಊಟ ಆಯ್ತಾ?" ಎಂದರು.

"ಅದನ್ನು ಓದದೇ ಬಿಡಬಹುದಿತ್ತು. ನಿಮ್ಮದೇ ಸರದಿ ಇತ್ತು. ಅವರಿಗೆ ಗೊತ್ತಾಗುತ್ತಿರಲಿಲ್ಲ."

"ನೀವು ಹೋದ ಕೂಡಲೇ ನೋಡಿದೆ. ಎರಡು ದಿನ ನೋಡ್ತಾನೇ ಇದ್ದೆ ಲಾ." ತಟ್ಟೆ ಒರೆಸಿ ಜೋಡಿಸಿದರು. "ಎಲ್ಲಾ ಓದಿ ಒಂದು ಬಿಟ್ರೆ, ಹಿಂದೆ ನಾನು ಓದಿದ್ದೆಲ್ಲಾ ಸುಳ್ಳಾಗುತ್ತೆ. ಅಪ್ಪ ಎದುರಿಗೇ ಕೂತಿದ್ರು."

"ಆ ತೊಲೆಗಳು ಭಾರ ಹೊರುವುದಿಲ್ಲ. ಬರೀ ಹಲಗೆ."

"ಗೊತ್ತು. ನಾನು ಚಿಕ್ಕವಳಿದ್ದಾಗ ಅಪ್ಪ ಏಣಿ ಮೇಲೆ ನಿಂತು ಅದಕ್ಕೆ ಬಣ್ಣ ಹೊಡೀತಿದ್ರು, ಡಬ್ಬಿ ಹಿಡ್ಕೊಳ್ತಾ ಇದ್ದವಳು ನಾನು. ಹಲಗೆ ಎಷ್ಟು ಸಲ ಬದಲಾಯಿಸಿದೀವಿ."

"ಮತ್ತೆ ಅವರಿಗೆ ಹೇಳಲಿಲ್ಲವಾ?"

"ಹೇಳಿದೆ," ಎಂದರು. "ನೀನೇನು ಎಂಜಿನಿಯರಾ ಅಂತ ಕೇಳಿದ್ರು."

ಅಲ್ಲಿಂದ ಓಡಿಹೋಗಬೇಕು ಅನ್ನಿಸಿತು. ಅವರು ಕೈ ಒರೆಸಿಕೊಂಡು ನನ್ನ ಹತ್ತಿರ ಬಂದರು. ದನಿ ತಗ್ಗಿಸಿದರು. "ಅಂಕಲ್, ಬರೆಯೋದು ಬೇಡ. ಬರೆದದ್ದು ಸಾಕು. ಇವತ್ತು ರಾತ್ರಿ ಮೇಲಿನ ಕೋಣೇಲಿ ಮಲಗಿ. ಅದೇ ಕೋಣೆ. ಕೆನ್ನತ್ ಇಲ್ಲೇ ಇರ್ತಾನೆ, ತಂಗಿ ಇರ್ತಾಳೆ. ಸುರಕ್ಷಿತ ಅಲ್ಲ ಅಂತ ಬರೆದವರೇ ಮಗಳು ಮೊಮ್ಮಗಳ ಜೊತೆ ಹೋಗದೆ ಇದರ ಕೆಳಗೆ ನಿಶ್ಚಿಂತೆಯಿಂದ ಮಲಗಿದ್ರು ಅಂದ್ರೆ ಅವನು ಇನ್ನೇನು ಹೇಳ್ತಾನೆ? ಅಪ್ಪನ ಮಾತು ಇರೋದೇ ಮಲಗೋದರ ಬಗ್ಗೆ."

ಅಷ್ಟೇ ಅವರು ಕೇಳಿದ್ದು. ಒಂದು ರಾತ್ರಿ ಮಲಗುವುದು. ಪ್ರಶಾಂತನಿಗೆ ಮರುದಿನ ಬೆಳಿಗ್ಗೆ ಕಾರ್ಖಾನೆಯಿತ್ತು, ಅನ್ವಿಗೆ ಶಾಲೆಯಿತ್ತು, ನಿಜ. ಆದರೆ ಅವರು ಹೊರಟು ನಾನೊಬ್ಬ ಉಳಿಯಬಹುದಿತ್ತು. ಮರುದಿನ ತಾಪಾಕ್ಕೆ ಬಂದು ಬಸ್ಸು ಹಿಡಿದಿದ್ದರೆ ಸಂಜೆಗೆ ಪೆನಾಂಗ್. ಬಾಯಲ್ಲಿ ಹೂಂ ಎಂಬ ಮಾತು ಬಂದೂ ಇತ್ತು.

ಆಗ ನಾನು ಬಾಗಿಲಿಂದಲೇ ತಲೆಯೆತ್ತಿ ಊಟದ ಮನೆಯ ಸೂರು ನೋಡಿದೆ. ತೆರೆದದ್ದು ಒಂದೇ ಹಲಗೆ. ಉಳಿದ ಆರು ತೊಲೆಗಳ ಒಳಗೆ ಏನಿದೆಯೋ ನಾನು ಕಂಡಿರಲಿಲ್ಲ. ಗೋಡೆಯೊಳಗೆ ಕೂತ ತುದಿಗಳು ಹೇಗಿವೆಯೋ, ನೀರು ಇಳಿದಿದೆಯೋ ಏನೋ. ಮೂವತ್ತು ವರ್ಷದ ಅಭ್ಯಾಸ ಕತ್ತು ಹಿಡಿದು ಮೇಲಕ್ಕೆ ಎತ್ತಿತು, ಒಂದೆರಡು ಕ್ಷಣ, ಹೆಚ್ಚೆಂದರೆ ಮೂರು. ಕಣ್ಣು ಕೆಳಗಿಳಿಸಿದಾಗ ಆಂಟಿ ಮೇ ನನ್ನನ್ನೇ ನೋಡುತ್ತಿದ್ದರು.

ಅವರಿಗೆ ಕೋಪ ಬರಲಿಲ್ಲ. ಕೋಪ ಬಂದಿದ್ದರೆ ಒಳ್ಳೆಯದಿತ್ತು. ನನ್ನ ತೋಳನ್ನು ಒಮ್ಮೆ ಮೆಲ್ಲಗೆ ತಟ್ಟಿದರು, ತಪ್ಪು ಉತ್ತರ ಹೇಳಿದ ವಿದ್ಯಾರ್ಥಿಯನ್ನು ಕೂರಿಸುವ ಮಾಸ್ತರಮ್ಮನ ಹಾಗೆ.

"ಬೇಡ ಲಾ ಅಂಕಲ್," ಎಂದರು. "ಕತ್ತಲಾಗೋ ಮುಂಚೆ ಇಳೀರಿ. ತಿರುವು ಜಾಸ್ತಿ ಇದೆ."

ನಾನು ಉಳಿಯುತ್ತೇನೆ ಎಂದು ಆಗಲೂ ಹೇಳಬಹುದಿತ್ತು. ಅವರು ಬಾಗಿಲವರೆಗೆ ಬಂದರು, ಕಾರಿನವರೆಗೂ ಬಂದರು, ಕಿಟಕಿಯ ಗಾಜು ಏರುವ ತನಕ ಅಲ್ಲೇ ನಿಂತಿದ್ದರು. ನಾನು ಹೇಳಲಿಲ್ಲ.